ಐದನೆಯ ಗೆರೆಯ ಪೋರ್ಚುಗೀಸ್

ಅಚ್ಚು ಹಾಕಿದ ಅರ್ಜಿ ನಮೂನೆಗಳನ್ನು ಕಂಡರೆ ನನಗೆ ಈಗಲೂ ಭಯ. ಅವುಗಳಲ್ಲಿ ಅಚ್ಚಾಗಿರುವ ಅಕ್ಷರಗಳಿಗೆ ನಾನು ಹೆದರುವುದಿಲ್ಲ, ಖಾಲಿ ಬಿಟ್ಟಿರುವ ಜಾಗಕ್ಕೆ ಹೆದರುತ್ತೇನೆ. ತಂದೆಯ ಹೆಸರಿಗೆ ಒಂದೇ ಗೆರೆ ಕೊಟ್ಟಿರುತ್ತಾರೆ, ಅಲ್ಲಿ ತೊಂದರೆಯಿಲ್ಲ. ಆದರೆ ಒಂದು ಪ್ರಶ್ನೆ ಕೇಳಿ ಅದರ ಕೆಳಗೆ ಐದು ಚುಕ್ಕಿಗೆರೆಗಳನ್ನು ಎಳೆದುಬಿಟ್ಟರೆ, ಐದನ್ನೂ ತುಂಬದವನು ಏನೋ ಕಡಿಮೆ ಬಿದ್ದವನಂತೆ ಕಾಣುತ್ತಾನೆ. ದಾವಣಗೆರೆಯ ಮುನ್ಸೀಫ್ ಕೋರ್ಟಿನಲ್ಲಿ ಭಾಷಾಂತರಕಾರನ ಹುದ್ದೆಗೆ ನಾನು ಅರ್ಜಿ ಹಾಕಿದಾಗ 'ಬಲ್ಲ ಭಾಷೆಗಳು' ಎಂಬುದರ ಕೆಳಗೆ ಸರಿಯಾಗಿ ಐದು ಗೆರೆಗಳಿದ್ದವು. ಮೊದಲ ಎರಡರಲ್ಲಿ ಕನ್ನಡ, ಇಂಗ್ಲಿಷ್ ಎಂದು ಬರೆದೆ. ಮೂರನೆಯದರಲ್ಲಿ ತೆಲುಗು ಎಂದು ಬರೆದೆ. ನಮ್ಮ ಹಿತ್ತಲ ಆಚೆಯ ಮನೆಯವರು ಆ ಭಾಷೆಯಲ್ಲಿ ಜಗಳವಾಡುತ್ತಿದ್ದುದರಿಂದ ನನಗೆ ಅದರ ಬೈಗುಳಗಳು ಗೊತ್ತಿದ್ದವು. ನಾಲ್ಕನೆಯದರಲ್ಲಿ ಉರ್ದು ಎಂದು ಬರೆದೆ; ಬಜಾರಿನಲ್ಲಿ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಐದನೆಯ ಗೆರೆ ಖಾಲಿ ಉಳಿಯಿತು.

ಅದನ್ನು ಹಾಗೇ ಬಿಡಬಹುದಿತ್ತು. ಆದರೆ ಕಾರವಾರದಲ್ಲಿ ಸುಂಕದ ಕಟ್ಟೆಯಲ್ಲಿದ್ದ ನನ್ನ ಸೋದರಮಾವ ಬೇಸಿಗೆ ರಜೆಯಲ್ಲಿ ನನಗೆ ಹನ್ನೊಂದು ಪೋರ್ಚುಗೀಸ್ ಪದಗಳನ್ನು ಕಲಿಸಿದ್ದರು. ಅಷ್ಟೇ ಅಲ್ಲ, ಚಾವಿ, ಬಟಾಟೆ, ಸಾಬೂನು, ಪಗಾರ, ಪಾದ್ರಿ, ಇಸ್ತ್ರಿ, ಇವೆಲ್ಲ ಆ ಕಡೆಯಿಂದಲೇ ಹಡಗು ಹತ್ತಿ ಬಂದವು ಎಂದೂ ಹೇಳಿದ್ದರು. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಎಲ್ಲರೂ ದಿನಬೆಳಗಾದರೆ ಪೋರ್ಚುಗೀಸ್ ಮಾತಾಡುತ್ತಿದ್ದೆವು. ಗೋವೆ ಇನ್ನೂ ಪರರ ಕೈಯಲ್ಲಿದ್ದ ಕಾಲ. ಅಲ್ಲಿಂದ ಯಾರೂ ಬರುವಂತಿಲ್ಲ, ಇಲ್ಲಿಂದ ಯಾರೂ ಹೋಗುವಂತಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳ ನಡುವೆ ಈ ಭಾಷೆಯನ್ನು ಪರೀಕ್ಷಿಸುವವರು ಹುಟ್ಟಿ ಬರಬೇಕಷ್ಟೆ ಎಂದು ಧೈರ್ಯಮಾಡಿ, ಐದನೆಯ ಗೆರೆಯ ಮೇಲೆ ದುಂಡಗೆ 'ಪೋರ್ಚುಗೀಸ್' ಎಂದು ಬರೆದೆ. ಕೆಲಸ ಸಿಕ್ಕಿತು. ತಾತ್ಕಾಲಿಕ. ಕಾಯಂ ಆಗುವುದು ಮುಂದೆ ಮುನ್ಸೀಫರು ಬರೆಯುವ ವರದಿಯ ಮೇಲೆ.

ನನ್ನ ಕೆಲಸ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನ ಸಂಕಟ ತಿಳಿಯುವುದಿಲ್ಲ. ಸಾಕ್ಷಿ ಕಟಕಟೆ ಹತ್ತಿದ ಕೂಡಲೇ 'ದೇವರ ಮುಂದೆ ಪ್ರಮಾಣಮಾಡಿ ಸತ್ಯವನ್ನೇ ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ' ಎಂದು ಅವನ ಬಾಯಲ್ಲಿ ಹೇಳಿಸುವವನು ನಾನು. ಆಮೇಲೆ ಅವನು ಕನ್ನಡದಲ್ಲಿ ಹೇಳಿದ್ದನ್ನು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಇಂಗ್ಲಿಷಿಗೆ ಇಳಿಸುವವನೂ ನಾನೇ. ಈ 'ಹೆಚ್ಚಿಲ್ಲದೆ ಕಡಿಮೆಯಿಲ್ಲದೆ' ನನಗೆ ಗೀಳಾಗಿ ಹತ್ತಿಬಿಟ್ಟಿತ್ತು. ಒಮ್ಮೆ ಕೊಂಡಜ್ಜಿ ಹಳ್ಳಿಯ ಮುದುಕನೊಬ್ಬನನ್ನು ವಕೀಲರು, ಎಮ್ಮೆ ಹೊಡೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡೆಯಾ ಎಂದು ಕೇಳಿದರು. ಅವನು ಸ್ವಲ್ಪ ಯೋಚಿಸಿ, "ಕಂಡಂಗಾತು" ಎಂದ. ಕಂಡೆ ಎನ್ನಲಿಲ್ಲ, ಕಾಣಲಿಲ್ಲ ಎನ್ನಲಿಲ್ಲ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ನಾನು ಮುಕ್ಕಾಲು ಗಂಟೆ ಪೆನ್ನು ಹಿಡಿದು ಕುಳಿತೆ. ಮುನ್ಸೀಫರು ಗಡಿಯಾರ ನೋಡಿದರು, ವಕೀಲರು ಆಕಳಿಸಿದರು, ಮುದುಕ ಕಟಕಟೆಯಲ್ಲೇ ಕೂತು ಎಲೆಅಡಿಕೆ ತೆಗೆದ. ಹೊರಗಿನವರಿಗೆ ನಾನು ಇಂಥ ಕಟ್ಟುನಿಟ್ಟಿನ ಮನುಷ್ಯ. ಐದನೆಯ ಗೆರೆಯ ವಿಚಾರ ಗೊತ್ತಿದ್ದವನು ನಾನೊಬ್ಬನೇ.

ಎರಡು ವರ್ಷ ಸುಳ್ಳು ಸದ್ದಿಲ್ಲದೆ ಮಲಗಿತ್ತು. ಅಷ್ಟರಲ್ಲಿ ಗೋವೆ ನಮ್ಮದಾಯಿತು. ಊರಿನವರೆಲ್ಲ ಸಂತೋಷಪಟ್ಟರು. ನಾನೂ ಪಟ್ಟೆ, ಆದರೆ ಪೂರ್ತಿಯಾಗಿ ಅಲ್ಲ.

ಒಂದು ಮಧ್ಯಾಹ್ನ ಹರಿಹರದ ಟಾಕೀಸಿನ ಮಾಲೀಕ ಕೊಟ್ರಪ್ಪ ಯಾವುದೋ ಪರವಾನಗಿ ಕಾಗದಕ್ಕಾಗಿ ಕೋರ್ಟಿಗೆ ಬಂದ. ಆತನ ಟಾಕೀಸಿಗೆ ತಗಡಿನ ಮಾಡು, ಮಣ್ಣಿನ ಗೋಡೆ. ಅಲ್ಲಿ ಒಂದು ಪದ್ಧತಿಯಿತ್ತು. ಇಂಗ್ಲಿಷ್ ಸಿನಿಮಾ ಹಾಕಿದಾಗ ಕೊಟ್ರಪ್ಪ ತಾನೇ ಪರದೆಯ ಎಡಗಡೆ ಸ್ಟೂಲಿನ ಮೇಲೆ ನಿಂತು, ತಗಡಿನ ತುತ್ತೂರಿ ಹಿಡಿದು, ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ. ಮಲೆಬೆನ್ನೂರಿನಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಸಿನಿಮಾಕ್ಕಿಂತ ಕೊಟ್ರಪ್ಪನ ಮಾತಿಗೇ ಬರುತ್ತಿದ್ದರು ಎಂದು ಹೇಳುತ್ತಾರೆ. ಅವನು ಶಿರಸ್ತೇದಾರ್ ಹಾಲಪ್ಪನವರ ಮೇಜಿನ ಎದುರು ಕೂತು ತನ್ನ ಗೋಳು ತೋಡಿಕೊಂಡ.

"ಗೋವಾ ಕಡಿಂದ ಒಂದು ಪಿಚ್ಚರ್ ಬಂದೈತ್ರಿ. ಪೋರ್ಚುಗೀಸರ ಕಾಲದ ಅಜ್ಜಿ ಕಥಿಗಳಂತೆ, ಮೂರು ಕಥಿ ಕೂಡಿಸಿ ತೆಗ್ದಾರೆ. ರಾಜ ಅದಾನೆ, ಕುದುರಿ ಐತೆ, ಕೋಟೆ ಐತೆ. ಸ್ಕೂಲ್ ಕಟ್ಟಡದ ಸಹಾಯಾರ್ಥ ಹಾಕ್ತೀನಂತ ಒಪ್ಪಿಕೊಂಡುಬಿಟ್ಟೀನಿ. ಆದ್ರೆ ಒಂದಕ್ಷರ ತಿಳ್ಯಂಗಿಲ್ಲ. ಇಂಗ್ಲಿಷಾದ್ರೆ ಹೆಂಗೋ ಹೊಡೀತಿದ್ದೆ."

"ಇಂಗ್ಲಿಷ್ ನಿನಗೆ ಯಾವಾಗ ಬಂತಲೇ?" ಎಂದರು ಹಾಲಪ್ಪನವರು.

"ಬರಂಗಿಲ್ರಿ. ಆದ್ರೆ ಅದರಾಗೆ ಒದೆಯಾದು ಜಾಸ್ತಿ, ಮಾತು ಕಡಿಮಿ. ಇದರಾಗೆ ಬರೇ ಮಾತೈತೆ."

ಹಾಲಪ್ಪನವರು ಎಲ್ಲರ ಸರ್ವಿಸ್ ಪುಸ್ತಕಗಳನ್ನೂ ಬಾಯಿಪಾಠ ಮಾಡಿದ್ದ ಮನುಷ್ಯ. ಅವರ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು. ಅದು ತಿರುಗುವುದನ್ನು ನಾನು ನೋಡಿದೆ. ಎದುರಿಗಿದ್ದ ಕಡತ ಬಿಚ್ಚಿ ಓದುವವನಂತೆ ಬಗ್ಗಿದೆ. "ಗೋವಾಕ್ಕ್ ಯಾಕ ಹೋಗ್ತೀಯೋ, ನಮ್ಮಲ್ಲೇ ಅದಾರಲ್ಲ," ಎಂದು ಅವರು ನನ್ನ ಪುಸ್ತಕ ತೆಗೆದು, ಅದಕ್ಕೆ ಅಂಟಿಸಿದ್ದ ಅರ್ಜಿಯ ಐದನೆಯ ಗೆರೆಯ ಮೇಲೆ ಬೆರಳಿಟ್ಟರು. ಆ ಹೊತ್ತಿಗೇ ಒಳಗಿಂದ ಬಂದ ಮುನ್ಸೀಫರು ಅದನ್ನು ಓದಿದರು. ಮಿತಭಾಷಿ, ಮೈಸೂರಿನ ಕಡೆಯವರು.

"ನಿಮಗೆ ಪೋರ್ಚುಗೀಸ್ ಬರುತ್ತಾ? ನನಗೆ ಗೊತ್ತೇ ಇರಲಿಲ್ಲವಲ್ಲ. ಹೋಗಿ ಹೇಳಿಕೊಡಿ, ಶಾಲೆಯ ಕೆಲಸ. ಅಧ್ಯಕ್ಷತೆಗೆ ನನ್ನನ್ನೇ ಕರೆದಿದ್ದಾರೆ, ನಾನೂ ಕೇಳ್ತೀನಿ." ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತು, "ನಿಮ್ಮ ಕಾಯಂ ವರದಿ ಈ ತಿಂಗಳೇ ಬರೆಯಬೇಕಲ್ಲವಾ?" ಎಂದರು. ಅವರು ಅದನ್ನು ಸುಮ್ಮನೆ ಕೇಳಿದ್ದರು. ನನಗೆ ಮಾತ್ರ ಆಪಾದನೆ ಓದಿ ಹೇಳಿದಂತಾಯಿತು. ಸುಳ್ಳು ಮಾಹಿತಿ ಕೊಟ್ಟು ಕೆಲಸ ಪಡೆದ ಭಾಷಾಂತರಕಾರ, ಅದೂ ದಿನವೂ ಹತ್ತು ಜನರಿಗೆ ಸತ್ಯದ ಪ್ರಮಾಣ ಬೋಧಿಸುವವನು. ಕೆಲಸ ಹೋಗುವುದು ಒಂದು ಕಡೆ, ಆ ಕಟಕಟೆಯಲ್ಲಿ ನಿಂತ ಹಳ್ಳಿಯ ಜನ ಏನೆಂದಾರು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಬರಂಗಿಲ್ಲ ಅಂತ ಹೇಳಿಬಿಡ್ರಿ."

"ಹೇಳಿದರೆ ಅರ್ಜಿಯಲ್ಲಿ ಸುಳ್ಳು ಬರೆದೆ ಅಂತ ಆಗ್ತದೆ."

"ಹಂಗಾರೆ ಬರ್ತೈತೆ ಅಂತ್ಲೇ ಹೇಳ್ರಿ."

"ಅಲ್ಲಿ ಹೋಗಿ ಏನು ಹೇಳಲಿ?"

"ಬಾಯಿಗೆ ಬಂದದ್ದು ಹೇಳ್ರಿ. ತಪ್ಪು ಹಿಡಿಯಾಕೆ ಹರಿಹರದಾಗೆ ಆ ಭಾಷೆ ಯಾರಿಗೆ ಬರ್ತೈತೆ?" ಎಂದು ಮಂಡಕ್ಕಿಯ ತಟ್ಟೆಯನ್ನೂ ಒಂದು ಹಸಿಮೆಣಸಿನಕಾಯಿಯನ್ನೂ ನನ್ನ ಮುಂದಿಟ್ಟಳು. ಎರಡು ವರ್ಷದ ಹಿಂದೆ ನಾನು ನನಗೇ ಹೇಳಿಕೊಂಡ ಸಮಾಧಾನವೇ ಇದು. ಇನ್ನೊಬ್ಬರ ಬಾಯಿಂದ ಕೇಳಿದ್ದರಿಂದ ಹೊಸದಾಗಿ ಧೈರ್ಯ ಬಂತು.

ಭಾನುವಾರ ಮ್ಯಾಟ್ನಿ. ಬಸ್ಸಿನಲ್ಲಿ ಹರಿಹರಕ್ಕೆ ಹೋದೆ. ತಗಡಿನ ಮಾಡು ಕಾದು ಟಾಕೀಸಿನ ಒಳಗೆ ಬಾಣಲೆಯ ಹಾಗಿತ್ತು. ಮುನ್ಸೀಫರು ಹೆಂಡತಿಯೊಂದಿಗೆ ಮೊದಲ ಸಾಲಿನಲ್ಲಿ ಕೂತಿದ್ದರು. ಕೊಟ್ರಪ್ಪ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿ, ತುತ್ತೂರಿ ಕೈಗೆ ಕೊಟ್ಟು, "ಗಟ್ಟಿಯಾಗಿ ಹೇಳ್ರಿ, ಕೋರ್ಟಿನಾಗೆ ಹೇಳಿದಂಗೆ ಬ್ಯಾಡ" ಎಂದು ಕಿವಿಯಲ್ಲಿ ಹೇಳಿದ. ಮೊದಲ ಕಥೆ ಶುರುವಾಯಿತು. ನಾನು ಅಭ್ಯಾಸಬಲದಿಂದ ಕಂಡದ್ದನ್ನು ಕಂಡಷ್ಟೇ ಹೇಳತೊಡಗಿದೆ. "ಒಬ್ಬ ವ್ಯಕ್ತಿ ಮನೆಯಿಂದ ಹೊರಗೆ ಬರುತ್ತಾನೆ. ಅವನ ಬಲಗೈಯಲ್ಲಿ ಬುಟ್ಟಿ ಇದೆ. ಬುಟ್ಟಿಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ."

"ಅದು ನಮಗೂ ಕಾಣವಲ್ದು," ಎಂದಿತು ನೆಲದ ಮೇಲೆ ಕೂತವರಲ್ಲಿ ಒಂದು ದನಿ. "ಅವನು ಏನಂತಾನೆ ಅದನ್ನ ಹೇಳ್ರಿ, ನಮಗೂ ಕಣ್ಣದಾವು."

ಬೇರೆ ದಾರಿ ಉಳಿಯಲಿಲ್ಲ. ಪರದೆಯ ಮೇಲೆ ಒಬ್ಬ ಹೆಂಗಸು ಒಬ್ಬ ತರುಣನ ಭುಜ ಹಿಡಿದು ಏನೋ ಬಹಳ ಹೊತ್ತು ಹೇಳುತ್ತಿದ್ದಳು. ತಲೆಗೆ ಕಪ್ಪು ಬಟ್ಟೆ ಹೊದ್ದಿದ್ದಳು. ನಾನು, ಈ ತಾಯಿ ಮಗನಿಗೆ ಬುದ್ಧಿ ಹೇಳುತ್ತಿದ್ದಾಳೆ, ಮಗನೇ ಸತ್ಯವಂತನಾಗಿ ಬಾಳು ಎನ್ನುತ್ತಿದ್ದಾಳೆ ಎಂದೆ. ಜನ ತಲೆದೂಗಿದರು. ಮುಂದಿನ ದೃಶ್ಯದಲ್ಲಿ ಅವರಿಬ್ಬರಿಗೂ ಮದುವೆಯಾಯಿತು. ನೆಲದ ಜನರೆಲ್ಲ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಸಾಕ್ಷಿಯ ಹೇಳಿಕೆಯಲ್ಲಿ ಪರಸ್ಪರ ವಿರೋಧ ಬಂದಾಗ ವಕೀಲರು ಮಾಡುವುದನ್ನೇ ನಾನೂ ಮಾಡಿದೆ. "ಮೊದಲು ತಾಯಿ ಎಂದು ಹೇಳಿದ್ದು ಹೆಂಗಸರಿಗೆ ಕೊಡುವ ಗೌರವದಿಂದ," ಎಂದೆ. ಮುನ್ಸೀಫರ ಹೆಂಡತಿ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಮುನ್ಸೀಫರ ಮುಖದಲ್ಲಿ ಏನೂ ಕಾಣಲಿಲ್ಲ. ಕೋರ್ಟಿನಲ್ಲೂ ಹಾಗೇ. ತೀರ್ಪಿನ ದಿನದವರೆಗೂ ಏನೂ ಕಾಣುತ್ತಿರಲಿಲ್ಲ.

ಎರಡನೆಯ ಕಥೆಯಲ್ಲಿ ಒಬ್ಬ ಮುದಿ ಸೈನಿಕ ಹಾಸಿಗೆಯ ಮೇಲೆ ಮಲಗಿದ್ದ, ಸುತ್ತ ಜನ ನಿಂತಿದ್ದರು. ಈತನ ಅಂತ್ಯಕಾಲ ಸಮೀಪಿಸಿದೆ, ಎಲ್ಲರೂ ದುಃಖದಲ್ಲಿದ್ದಾರೆ ಎಂದು ದನಿ ಇಳಿಸಿ ಹೇಳಿದೆ. ಆಗ ಮೂರನೆಯ ಸಾಲಿನಿಂದ ಒಂದು ನಗು ಬಂತು. ಗಂಟಲಲ್ಲಿ ತಡೆದರೂ ತಡೆಯಲಾಗದೆ ಹೊರಬಿದ್ದ ನಗು. ಪರದೆಯ ಬೆಳಕು ಅತ್ತ ಬಿದ್ದಾಗ ನೋಡಿದೆ. ಎಡದಿಂದ ಎರಡನೆಯ ಕುರ್ಚಿಯಲ್ಲಿ ಹೂವಿನ ಚಿತ್ತಾರದ ಗೌನು ತೊಟ್ಟ ಮುದುಕಿಯೊಬ್ಬರು ಕೂತಿದ್ದರು, ಕತ್ತಿನಲ್ಲಿ ಜಪಸರ. ಪಕ್ಕದಲ್ಲಿ ಅವರ ಮಗನಿರಬೇಕು, ಬಾಯಿ ತೆರೆದು ನಿದ್ದೆ ಹೋಗಿದ್ದ. ಹಾಸಿಗೆಯ ಮೇಲಿದ್ದವನು ಮರುಕ್ಷಣ ಎದ್ದು ಕೂತು ಕೋಳಿಯ ತೊಡೆ ತಿನ್ನತೊಡಗಿದ. ಸಾಯುವ ನಾಟಕ ಆಡುತ್ತಿದ್ದನೆಂದು ಆಗ ನನಗೆ ಹೊಳೆಯಿತು. ಮುದುಕಿಗೆ ಮೊದಲೇ ಹೊಳೆದಿತ್ತು. ಹರಿಹರದಲ್ಲಿ ಆ ಭಾಷೆ ಯಾರಿಗೆ ಬರುತ್ತದೆ ಎಂಬ ನನ್ನ ಹೆಂಡತಿಯ ಪ್ರಶ್ನೆಗೆ ಉತ್ತರ ಮೂರನೆಯ ಸಾಲಿನಲ್ಲಿ ಕೂತಿತ್ತು.

ಸ್ಟೂಲು ಅಲ್ಲಾಡಿತು. ಸ್ಟೂಲಿನ ಕಾಲು ಕುಂಟಾಗಿತ್ತೋ ನನ್ನ ಕಾಲೋ ಎಂಬುದನ್ನು ಪ್ರಮಾಣಮಾಡಿ ಹೇಳಲಾರೆ. ಆದರೆ ಮುಳುಗುವವನಿಗೆ ಬುದ್ಧಿ ಚುರುಕಾಗುತ್ತದೆ. ನಾನು ಪರದೆಯನ್ನು ಬಿಟ್ಟು ಮುದುಕಿಯ ಮುಖವನ್ನು ನೋಡತೊಡಗಿದೆ. ಅವರು ನಕ್ಕರೆ, ಈತ ಈಗ ಒಂದು ತಮಾಷೆಯ ಮಾತು ಹೇಳಿದ ಎಂದೆ. ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರೆ, ಪಾಪ, ಯಾರೋ ತೀರಿಕೊಂಡರು ಎಂದೆ. ಕರ್ಚೀಫು ಹೊರಬಂದರೆ ಅಗಲಿಕೆ. ಹುಬ್ಬು ಗಂಟಿಕ್ಕಿದರೆ ಮೋಸ. ಹೇಳಿದ್ದೆಲ್ಲ ಪರದೆಗೆ ಹೊಂದುತ್ತಾ ಹೋಯಿತು. ನೆಲದ ಜನ ಸದ್ದಿಲ್ಲದೆ ಕೇಳತೊಡಗಿದರು, ಕೊಟ್ರಪ್ಪ ದೂರದಿಂದ ಕೈ ಎತ್ತಿ ಭಲೇ ಎಂದ. ಮೂರನೆಯ ಕಥೆ ಬರುವ ಹೊತ್ತಿಗೆ ಮುದುಕಿ ನಗು ತಡೆಯಲಾಗದೆ ಮೊಣಕಾಲು ಬಡಿದುಕೊಳ್ಳತೊಡಗಿದರು. ಪರದೆಯನ್ನೊಮ್ಮೆ ತೋರಿಸಿ ನನ್ನನ್ನೊಮ್ಮೆ ತೋರಿಸಿ ನಗುತ್ತಿದ್ದರು. ನಾನು, ಈತ ದೊಡ್ಡ ವಿದೂಷಕ, ಈತನ ಹಾಸ್ಯಕ್ಕೆ ಅರಮನೆಯೇ ಬಿದ್ದು ಬಿದ್ದು ನಗುತ್ತಿದೆ ಎಂದು ಹೇಳಿ ಮುಗಿಸಿದೆ. ಆ ಕಥೆಯನ್ನು ನಾನು ನೋಡಲೇ ಇಲ್ಲ. ಇದನ್ನು ನೆನಪಿಡಬೇಕು.

ದೀಪ ಹತ್ತಿತು, ಚಪ್ಪಾಳೆಯೂ ಬಿತ್ತು. ನಾನು ಸ್ಟೂಲಿನಿಂದ ಇಳಿದು ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ್ದೆ. ಮುನ್ಸೀಫರು ಕರೆದರು. ಅವರ ಪಕ್ಕದಲ್ಲಿ ಆ ಮುದುಕಿಯೂ ಈಗಷ್ಟೇ ಎಚ್ಚರವಾದ ಮಗನೂ ನಿಂತಿದ್ದರು. ಮಗ ಹರಿಹರದ ಕಾರ್ಖಾನೆಯಲ್ಲಿ ಫಿಟ್ಟರು. ತಾಯಿ ಮಡಗಾಂವಿನವರು, ಕಾನ್ವೆಂಟಿನಲ್ಲಿ ಓದಿದವರು, ಪೋರ್ಚುಗೀಸ್ ಚೆನ್ನಾಗಿ ಬಲ್ಲವರು, ಇಲ್ಲಿ ಮಾತಿಗೆ ಯಾರೂ ಇಲ್ಲದೆ ಒಣಗಿಹೋಗಿದ್ದಾರೆ ಎಂದು ಅವನು ಹೇಳಿದ.

"ಒಳ್ಳೇದೇ ಆಯ್ತು," ಎಂದರು ಮುನ್ಸೀಫರು. "ಅಮ್ಮ, ಇವರು ನಮ್ಮ ಭಾಷಾಂತರಕಾರರು. ಇವರ ಜೊತೆ ನಿಮ್ಮ ಭಾಷೆಯಲ್ಲಿ ಒಂದೆರಡು ಮಾತಾಡಿ. ನಾನೂ ಕೇಳಬೇಕು."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಸಾವಕಾಶವಾಗಿ ಒಂದು ಪ್ರಶ್ನೆ ಕೇಳಿದರು. ಸಾಕಷ್ಟು ಉದ್ದದ ಪ್ರಶ್ನೆ. ನನ್ನ ಹನ್ನೊಂದು ಪದಗಳಲ್ಲಿ ಆರು ಆ ಸೆಕೆಯಲ್ಲಿ ಕರಗಿಹೋಗಿದ್ದವು. ಉಳಿದ ಐದನ್ನೂ, ಸೋದರಮಾವನನ್ನು ನೆನೆದು, ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ: "ಸಿಂ. ಪಾದ್ರೆ. ಜನೇಲ. ಬಟಾಟ. ಒಬ್ರಿಗಾದು."

ಅವರು ಕೇಳಿದ್ದು, ನಿಮ್ಮದು ಯಾವ ಊರು, ಈ ಭಾಷೆ ನಿಮಗೆ ಯಾರು ಕಲಿಸಿದರು ಎಂದು. ನಾನು ಹೇಳಿದ್ದು, ಹೌದು, ಪಾದ್ರಿ, ಕಿಟಕಿ, ಆಲೂಗಡ್ಡೆ, ಧನ್ಯವಾದ ಎಂದು. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಮುದುಕಿಯ ತುಟಿ ಒಂದು ಸಲ ಅದುರಿತು, ಕಣ್ಣಲ್ಲಿ ನೀರು ತುಂಬಿತು, ಅವರು ಜಪಸರವನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಒಂದು ಮಾತಿನಲ್ಲಿ ನನ್ನ ಕೆಲಸ, ಮರ್ಯಾದೆ ಎರಡೂ ಇದ್ದವು. ಮಗ ಏನೋ ಹೇಳಲು ಬಾಯಿ ತೆರೆದ. ಅವರು ಅವನ ಕಾಲನ್ನು ತುಳಿದದ್ದನ್ನು ನಾನು ಕಂಡೆ. ಕಂಡಂಗಾತು ಅಲ್ಲ, ಕಂಡೆ.

"ಚಲೋ ಮಾತಾಡ್ತಾರೆ," ಎಂದರು ತಮ್ಮ ಮುರುಕು ಕನ್ನಡದಲ್ಲಿ. "ನಮ್ಮ ಊರಲ್ಲಿ ಸಹ ಹೀಂಗೆ ಮಾತಾಡೋರು ಇಲ್ಲ ಸಾಯ್ಬ."

ಮುನ್ಸೀಫರು ತೃಪ್ತಿಯಿಂದ ತಲೆಯಾಡಿಸಿ ಹೊರಟರು. ನಾನು ಕೈ ಮುಗಿದೆ. ಮುದುಕಿ ಆ ಮುಗಿದ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. "ಐತವಾರ ಮನೆಗೆ ಬಾ. ಪ್ರತಿ ಐತವಾರ. ನಾನು ಮಾತಾಡ್ತೀನಿ, ನೀನು ಕೇಳೋದು. ಬರ್ಲಿಲ್ಲ ಅಂದ್ರೆ ನಾನು ಕೋರ್ಟಿಗೆ ಬರ್ತೀನಿ."

ವರದಿಯಲ್ಲಿ ಮುನ್ಸೀಫರು ನನ್ನನ್ನು ಕಾಯಂ ಮಾಡಿ, ಪೋರ್ಚುಗೀಸ್ ಭಾಷೆಯಲ್ಲಿ ವಿಶೇಷ ಪ್ರಾವೀಣ್ಯವಿದೆ ಎಂದೂ ಬರೆದರು. ಸರಕಾರದ ಮಟ್ಟಿಗೆ ನಾನು ಪಾರಾದೆ. ಹರಿಹರದ ಮಟ್ಟಿಗೆ ಶಿಕ್ಷೆ ಆ ವಾರವೇ ಶುರುವಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತುವುದು, ಕಾರ್ಖಾನೆಯ ಕ್ವಾರ್ಟರ್ಸಿನ ಜಗಲಿಯ ಮೇಲೆ ಎರಡು ಗಂಟೆ ಕೂರುವುದು. ಅವರು ನನ್ನನ್ನು ಕರೆಯುತ್ತಿದ್ದುದು 'ಸೆನ್ಯೋರ್ ಬಟಾಟ', ಅಂದರೆ ಆಲೂಗಡ್ಡೆ ಸಾಹೇಬರು ಎಂದು. ಸೊಸೆ ಬೆಳಗಾವಿಯ ಕಡೆಯವಳು, ಅವಳಿಗೆ ಆ ಭಾಷೆ ಬಾರದು, ಆದ್ದರಿಂದ ಅವಳ ಬಗ್ಗೆ ಮಾತಾಡಲು ಅದಕ್ಕಿಂತ ಒಳ್ಳೆಯ ಭಾಷೆ ಇರಲಿಲ್ಲ. ಮೊದಲ ಆರು ತಿಂಗಳು ನನಗೆ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಸದ್ದಿನೊಳಗೆ ಪದಗಳು ಕಂಡವು. ಎರಡನೆಯ ವರ್ಷ ನಾನು ವಾಕ್ಯ ಜೋಡಿಸಿ, ಸೊಸೆಯದು ಅಷ್ಟೇನೂ ತಪ್ಪಿಲ್ಲ ಎಂದೆ. ಅವರು ಅರ್ಧ ಗಂಟೆ ನನ್ನೊಂದಿಗೆ ಮಾತು ಬಿಟ್ಟರು. ಆಗಲೇ ನನಗೆ ಭಾಷೆ ಬಂತೆಂದು ಖಾತ್ರಿಯಾದದ್ದು.

ಒಂದು ಆಸೆ ಮಾತ್ರ ಉಳಿದಿತ್ತು. ಆ ಮೂರನೆಯ ಕಥೆ ಏನು, ಅವರು ಅಷ್ಟೊಂದು ನಕ್ಕದ್ದು ಯಾಕೆ? ಕೇಳಿದಾಗಲೆಲ್ಲ, ಭಾಷೆ ಪೂರ್ತಿ ಬರಲಿ, ನಮ್ಮ ಮಾತಿನಲ್ಲೇ ಹೇಳುತ್ತೇನೆ ಎನ್ನುತ್ತಿದ್ದರು. ಮಗನಿಗೆ ಗೋವೆಯಲ್ಲಿ ಕೆಲಸ ಸಿಕ್ಕಿ, ಸಾಮಾನೆಲ್ಲ ಕಟ್ಟಿಟ್ಟ ಭಾನುವಾರ ಹೇಳಿದರು. ಒಬ್ಬ ಕ್ಷೌರಿಕ ರಾಜನ ಆಸ್ಥಾನದಲ್ಲಿ ಕೆಲಸ ಕೇಳಲು ಹೋಗಿ, ತನಗೆ ಹಕ್ಕಿಗಳ ಭಾಷೆ ಬರುತ್ತದೆ ಎಂದು ಹೇಳಿಬಿಟ್ಟನಂತೆ. ರಾಜ ಅವನನ್ನು ಎಲ್ಲರ ಎದುರು ನಿಲ್ಲಿಸಿ, ಆ ಹಕ್ಕಿ ಏನನ್ನುತ್ತದೆ ಹೇಳು ಎಂದನಂತೆ. ಅವನು ಬೆವರುತ್ತಾ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದನಂತೆ. "ಪರದೆಯ ಮೇಲೆ ಅವನು, ಸ್ಟೂಲಿನ ಮೇಲೆ ನೀನು. ನಾನು ಯಾರನ್ನು ನೋಡಿ ನಗಲಿ?" ಎಂದರು. ಎಲ್ಲವನ್ನೂ ಪೋರ್ಚುಗೀಸಿನಲ್ಲಿ ಹೇಳಿದರು, ನನಗೆ ಒಂದು ಪದವೂ ತಪ್ಪಲಿಲ್ಲ.

ಸಿಕ್ಕಿಬಿದ್ದನೇ ಎಂದು ನಾನು ಕೇಳಿದೆ. ಅವರು ನನ್ನ ಕೈ ತಟ್ಟಿದರು. ಸಿಕ್ಕಿಬಿದ್ದ, ಆದರೆ ರಾಣಿ ಅವನ ತಲೆ ಹೊಡೆಸಲು ಬಿಡಲಿಲ್ಲ. ಭಾಷೆ ಬರುವವರೆಗೆ ಪ್ರತಿದಿನ ಮರದ ಕೆಳಗೆ ಕೂತು ಕೇಳು ಎಂದು ಅಪ್ಪಣೆ ಮಾಡಿದಳು ಎಂದರು. ಬಂತೇ ಎಂದೆ. "ಬಂತು. ಬಂದ ಮೇಲೆ ತಿಳಿಯಿತು, ಹಕ್ಕಿಗಳು ಬೆಳಗಿನಿಂದ ಸಂಜೆಯವರೆಗೆ ಮಾತಾಡುವುದು ಕಾಳಿನ ವಿಚಾರ ಮತ್ತು ಸೊಸೆಯ ವಿಚಾರ." ನಾನು ನಕ್ಕೆ. ಅವರು ಮಾತ್ರ ಈ ಸಲ ನಗಲಿಲ್ಲ. ಕರ್ಚೀಫು ಹೊರಬಂತು. ಅದರ ಅರ್ಥ ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಕೆಲವು ವರ್ಷಗಳ ನಂತರ ಮೇಲಿನ ಹುದ್ದೆಗೆ ಅರ್ಜಿ ಹಾಕಬೇಕಾಗಿ ಬಂತು. ಹೊಸ ನಮೂನೆ, ಅವೇ ಐದು ಗೆರೆಗಳು. ಜೀವನದಲ್ಲಿ ಮೊದಲ ಬಾರಿಗೆ ಐದನೆಯ ಗೆರೆಯನ್ನು ನಿರ್ಭಯವಾಗಿ ತುಂಬಿದೆ. ಸಂದರ್ಶನದಲ್ಲಿ ಜಿಲ್ಲಾ ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿದರು. ಮುನ್ಸೀಫರ ಹಳೆಯ ವರದಿ ಅವರ ಮುಂದಿರಲಿಲ್ಲ.

"ಇದೇನ್ರೀ ಪೋರ್ಚುಗೀಸ್? ಎಲ್ಲಿ ಕಲಿತಿರಿ?"

"ಹರಿಹರದಲ್ಲಿ ಸ್ವಾಮಿ. ಪ್ರತಿ ಭಾನುವಾರ."

ಅವರು ಗಟ್ಟಿಯಾಗಿ ನಕ್ಕರು. ಪಕ್ಕದಲ್ಲಿದ್ದವರೂ ನಕ್ಕರು. "ಗೆರೆ ಖಾಲಿ ಇದ್ದರೆ ಖಾಲಿ ಬಿಡಬೇಕು ಕಣ್ರೀ. ಕೋರ್ಟಿನ ಮನುಷ್ಯರಾಗಿ ಹೀಗೆ ಬರೆಯೋದೇ? ಹೊಡೆದುಹಾಕಿ, ನಾನು ನೋಡೇ ಇಲ್ಲ ಅಂದುಕೊಳ್ತೀನಿ." ನಾನು ಪೆನ್ನು ತೆಗೆದು, ನನಗೆ ನಿಜವಾಗಿ ಬರುತ್ತಿದ್ದ ಆ ಭಾಷೆಯ ಮೇಲೆ ನೀಟಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದೆ. ತೆಲುಗು, ಉರ್ದುಗಳ ಬಗ್ಗೆ ಅವರು ಏನೂ ಕೇಳಲಿಲ್ಲ. ಅವೆರಡೂ ನನ್ನ ಸರ್ವಿಸ್ ಪುಸ್ತಕದಲ್ಲಿ ಕೊನೆಯವರೆಗೂ ಹಾಗೆಯೇ ಇದ್ದವು.